ಹಿತ್ತಲ ಹಣ್ಣಿನ ಪಾಲು

ಸೀಬೆಯ ಮರವಿರುವ ಮನೆಯವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ತಿಂಗಳುಗಟ್ಟಲೆ ಸುಮ್ಮನಿದ್ದ ಮರ ಫಲಕ್ಕೆ ಬಂತೆಂದರೆ ಮನೆಮಂದಿಯೆಲ್ಲ ತಿಂದರೂ ಮುಗಿಯದು. ಮಾರುವುದಕ್ಕೆ ಸಾಲದು, ಇಟ್ಟರೆ ಕೊಳೆಯುವುದು. ಉಳಿದ ದಾರಿ ಹಂಚುವುದೊಂದೇ. ಬೆಂಗಳೂರಿನಲ್ಲಿ ಈ ಹಂಚಿಕೆಗೂ ಒಂದು ಚರಿತ್ರೆಯುಂಟು.

ನಾನು ಬೆಳೆದದ್ದು ಸುಲ್ತಾನ್‌ಪೇಟೆಯಲ್ಲಿ. ಹಳೆಯ ಪೇಟೆಯ ಮನೆಗಳನ್ನು ತಾವು ಬಲ್ಲಿರಿ: ಗೋಡೆಗೆ ಗೋಡೆ ತಗುಲಿದ ಸಾಲು, ಮುಂದೆ ಜಗಲಿ, ನಡುವೆ ಬೆಳಕಿಗೆಂದು ಬಿಟ್ಟ ತೊಟ್ಟಿ. ತುಳಸಿಗೆ ಅಲ್ಲಿ ಸ್ಥಳವಿತ್ತು; ಮಾವಿಗೆ ಇರಲಿಲ್ಲ. 1898ರಲ್ಲಿ ಪ್ಲೇಗು ಈ ಇಕ್ಕಟ್ಟಿನ ಓಣಿಗಳನ್ನು ಹೊಕ್ಕಿತು. ಗಾಳಿ ಬೆಳಕುಗಳ ಬೆಲೆ ಜನಕ್ಕೂ ಸರ್ಕಾರಕ್ಕೂ ಆಗ ತಿಳಿಯಿತು. ಚಾಮರಾಜಪೇಟೆ 1892ರಲ್ಲಿಯೇ ಹುಟ್ಟಿತ್ತು. ಪ್ಲೇಗಿನ ಬಳಿಕ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಮನೆಯ ಸುತ್ತ ಬಯಲು ಬಿಟ್ಟು ಕಟ್ಟುವ ಪದ್ಧತಿ ಬಂದಿತು. ಆ ಬಯಲೇ ಹಿತ್ತಲಾಯಿತು.

ಹಿತ್ತಲಿಗೆ ಬಂದ ಗಿಡಗಳಾದರೂ ಎಲ್ಲಿಯವು? ಮಾವು, ಹಲಸು ನಮ್ಮವೇ. ಸೀಬೆ, ಸೀತಾಫಲ, ಸಪೋಟ ಅಮೆರಿಕ ಖಂಡದವು. ಪರಂಗಿ ಹಣ್ಣಿನ ಹೆಸರೇ ಅದು ಪರದೇಶದ್ದೆಂದು ಸಾರುತ್ತದೆ. ಸೀಮೆಬದನೆಯದೂ ಅದೇ ಕಥೆ. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗು ಮುಂದೆ ಇಂಥ ಎಷ್ಟೋ ಹೊರನಾಡಿನ ಸಸ್ಯಗಳನ್ನು ಈ ನೆಲಕ್ಕೆ ಒಗ್ಗಿಸಿತು. ಬೀಜವನ್ನೂ ಕಸಿಯನ್ನೂ ಒಬ್ಬರು ಇನ್ನೊಬ್ಬರಿಗೆ ಕೊಡದಿದ್ದರೆ ಈ ಹಣ್ಣುಗಳ ರುಚಿ ನಮಗೆಲ್ಲಿಯದು?

ನಮ್ಮ ಸೋದರತ್ತೆಯ ಮನೆ ಚಾಮರಾಜಪೇಟೆಯಲ್ಲಿತ್ತು. ಅಲ್ಲಿಯ ಸೀಬೆ ಹಣ್ಣಾದಾಗ ಮೊದಲು ದೇವರಿಗೆ, ಆಮೇಲೆ ಅಕ್ಕಪಕ್ಕದವರಿಗೆ, ಬಳಿಕ ಮರವಿಲ್ಲದ ಪೇಟೆಯ ನಮಗೆ ಬುಟ್ಟಿ ಬರುತ್ತಿತ್ತು. ಬಂದ ಬುಟ್ಟಿಯನ್ನು ಬರಿದಾಗಿ ಕಳುಹಿಸಬಾರದೆಂದು ನಮ್ಮ ತಾಯಿ ಹುರಿಗಾಳನ್ನೋ ಬೆಲ್ಲದ ಅಚ್ಚನ್ನೋ ಇಟ್ಟು ಕಳುಹಿಸುವರು. ಒಮ್ಮೆ ನಾನು ತುದಿಕೊಂಬೆಯ ಹಣ್ಣಿಗೆ ಕೈ ಚಾಚಿದಾಗ ಅತ್ತೆ ಕೆಳಗಿನಿಂದ, “ಅದು ನಿನ್ನ ಪಾಲಲ್ಲ, ಇಳಿಯೋ. ಅಳಿಲಿಗೆ ಬೇಡವೇನೋ?” ಎಂದು ಗದರಿದರು.

ಇದು ಬರಿಯ ಕರುಣೆಯ ಮಾತಲ್ಲ. ಹಗಲಲ್ಲಿ ಗಿಳಿ, ಕೋಗಿಲೆ, ಇರುಳಲ್ಲಿ ಬಾವಲಿ ಹಣ್ಣು ತಿಂದು ಬೀಜವನ್ನು ದೂರ ಬೀಳಿಸುತ್ತವೆ. ಯಾರೂ ನೆಡದ ಕಡೆಯಲ್ಲಿ ಗಿಡ ಏಳುತ್ತದೆ. ಅಶೋಕ ಚಕ್ರವರ್ತಿಯೂ ತನ್ನ ಏಳನೆಯ ಸ್ತಂಭಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ಆಲಗಳನ್ನು ನೆಡಿಸಿ ಮಾವಿನ ತೋಪುಗಳನ್ನು ಹಾಕಿಸಿದುದನ್ನು ಹೇಳಿಕೊಂಡಿದ್ದಾನೆ. ಸುಮಾರು 2,200 ವರ್ಷಗಳ ಹಿಂದಿನ ಮಾತಿದು. ಅತ್ತೆ ಶಾಸನ ಓದಿದವರಲ್ಲ.

ಅತ್ತೆ ತೀರಿಕೊಂಡ ಮೇಲೆ ಮಕ್ಕಳು ಮನೆಯನ್ನು ಪಾಲು ಮಾಡಿಕೊಂಡರು. ಅಳತೆಯ ಹಗ್ಗ ಎಳೆದಾಗ ಸೀಬೆಯ ಮರ ಸರಿಯಾಗಿ ಗೆರೆಯ ಮೇಲೆ ನಿಂತಿತ್ತು. ಯಾರ ಪಾಲಿಗೂ ಸೇರದ ಮರ ಉರುಳಿತು. ಪಾಲುಪಟ್ಟಿಗೆ ಸಾಕ್ಷಿ ಹಾಕಿದವನು ನಾನೇ. ತರಗತಿಯಲ್ಲಿ ಅಶೋಕನ ಮರಗಳ ಪಾಠ ಹೇಳುವ ನಾನು ಅಂದು ಒಂದು ಮಾತೂ ಆಡಲಿಲ್ಲ. ಇಂದು ಅಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ.

ಬಡಾವಣೆಗಳಲ್ಲಿ ಹಿತ್ತಲುಗಳು ಕಡಿಮೆಯಾದರೂ ಮುಗಿದಿಲ್ಲ. ತಮ್ಮ ಮನೆಯಲ್ಲಿ ಮರವಿದ್ದರೆ, ಹೆಚ್ಚಿದ ಹಣ್ಣನ್ನು ಕೊಳೆಯುವ ಮುನ್ನ ಪಕ್ಕದ ಮನೆಗೆ ಕಳುಹಿಸಿ. ಹೆಸರು ತಿಳಿಯದ ನೆರೆಯವರಾದರೆ ಹೆಸರು ಕೇಳಲು ಅದೇ ನೆವ. ತುದಿಯ ಹಣ್ಣುಗಳನ್ನು ಬಿಟ್ಟುಬಿಡಿ. ಬಾವಲಿ, ಅಳಿಲು ಕಚ್ಚಿದ ಹಣ್ಣನ್ನು ತಿನ್ನಬಾರದೆಂದು ವೈದ್ಯರೇ ಹೇಳುತ್ತಾರೆ; ಅದು ಅವುಗಳಿಗೇ ಇರಲಿ. ಮನೆ ಪಾಲಾಗುವ ದಿನ ಬಂದರೆ, ಹಗ್ಗ ಎಳೆಯುವ ಮುನ್ನ ಮರ ಎಲ್ಲಿದೆಯೆಂದು ಒಮ್ಮೆ ನೋಡಿ.