ಕ್ಲಾರ್ಕ್ ಕೌಂಟಿಗೆ ಬಂದ ಕಾಗದಗಳು

ಚುನಾವಣೆ ಒಂದು ದೇಶದ್ದು, ಮತ ಯಾಚಿಸುವವರು ಮತ್ತೊಂದು ದೇಶದ ಗಣ್ಯರು. ಇಂತಹ ಪ್ರಸಂಗಗಳು ಚರಿತ್ರೆಯಲ್ಲಿ ಆಗಾಗ ನಡೆದಿವೆ. ಅವುಗಳಲ್ಲಿ ನನಗೆ ಬಹಳ ಸ್ವಾರಸ್ಯವಾಗಿ ಕಂಡದ್ದು 2004ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಕಾಲದ್ದು. ಅಲ್ಲಿಯೇ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಅನೇಕರಿಗೆ ಇದು ತಿಳಿದಿರಲಾರದು.

ಆ ವರ್ಷ ಜಾರ್ಜ್ ಬುಷ್ ಎರಡನೆಯ ಅವಧಿಗೆ ಸ್ಪರ್ಧಿಸಿದ್ದರು. ಅವರಿಗೆ ಎದುರಾಗಿ ನಿಂತವರು ಡೆಮಾಕ್ರಟಿಕ್ ಪಕ್ಷದ ಜಾನ್ ಕೆರ್ರಿ. ಇರಾಕಿನ ಯುದ್ಧ ಆರಂಭವಾಗಿ ಒಂದೂವರೆ ವರ್ಷವಾಗಿತ್ತು. ಅಮೆರಿಕದ ಜೊತೆಗೂಡಿ ಹೋರಾಡಿದ ಬ್ರಿಟನ್ನಿನಲ್ಲಿ ಆ ಯುದ್ಧವನ್ನು ವಿರೋಧಿಸಿದವರು ಲಕ್ಷಾಂತರ ಜನ. ಅಮೆರಿಕದ ಅಧ್ಯಕ್ಷರ ತೀರ್ಮಾನಗಳ ಫಲವನ್ನು ಜಗತ್ತೆಲ್ಲ ಉಣ್ಣಬೇಕಾಗಿರುವಾಗ, ನಮಗೆ ಮತವಿಲ್ಲದಿದ್ದರೂ ಒಂದು ಮಾತು ಹೇಳುವ ಹಕ್ಕಾದರೂ ಬೇಡವೆ? ಹೀಗೆ ಯೋಚಿಸಿದ ಗಾರ್ಡಿಯನ್ ಪತ್ರಿಕೆ ಆ ಅಕ್ಟೋಬರಿನಲ್ಲಿ ಒಂದು ಯೋಜನೆ ಹೂಡಿತು.

ಓಹಿಯೊ ರಾಜ್ಯದ ಕ್ಲಾರ್ಕ್ ಕೌಂಟಿಯನ್ನು ಅದು ಆರಿಸಿಕೊಂಡಿತು. ಕೌಂಟಿ ಎಂದರೆ ಸುಮಾರಾಗಿ ನಮ್ಮ ಜಿಲ್ಲೆ ಇದ್ದಂತೆ. 2000ದ ಚುನಾವಣೆಯಲ್ಲಿ ಅಲ್ಲಿ ಬುಷ್ ಅವರಿಗಿಂತ ಅಲ್ ಗೋರ್ ಅವರಿಗೆ ಹೆಚ್ಚಾಗಿ ಬಂದದ್ದು ಕೇವಲ 324 ಮತ. ಓಹಿಯೊದಲ್ಲಿ ಮತದಾರರ ಪಟ್ಟಿ ಯಾರೂ ಪಡೆಯಬಹುದಾದ ದಾಖಲೆ. ಪತ್ರಿಕೆ ಅದನ್ನು 25 ಡಾಲರಿಗೆ ಕೊಂಡು, ಯಾವ ಪಕ್ಷಕ್ಕೂ ಸೇರದವರ ಹೆಸರು ವಿಳಾಸಗಳನ್ನು ಆರಿಸಿ, ಓದುಗರಿಗೆ ಒಬ್ಬೊಬ್ಬರಂತೆ ಹಂಚಿತು. ಸುಮಾರು ಹದಿನಾಲ್ಕು ಸಾವಿರ ಓದುಗರು ಹೆಸರು ಪಡೆದುಕೊಂಡರು. ಮಾದರಿಗೆಂದು ಪತ್ರಗಳನ್ನು ಬರೆದುಕೊಟ್ಟವರು ಸಾಮಾನ್ಯರಲ್ಲ: ಗೂಢಚಾರರ ಕಾದಂಬರಿಗಳಿಂದ ಪ್ರಖ್ಯಾತರಾದ ಜಾನ್ ಲೆ ಕಾರೆ, ಚರಿತ್ರಕಾರ್ತಿ ಆಂಟೋನಿಯಾ ಫ್ರೇಜರ್, ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್. ಮೂವರೂ ಬುಷ್ ಅವರ ವಿರುದ್ಧವೇ ಬರೆದರು.

ಉತ್ತರಗಳು ರಾಶಿರಾಶಿಯಾಗಿ ಬಂದವು. ಮೆಚ್ಚಿದವರೂ ಇದ್ದರೆನ್ನಿ, ಆದರೆ ಬೈಗುಳದ ಪಾಲೇ ಹೆಚ್ಚು. ನಿಮ್ಮ ರಾಜನ ಮಾತು ಕೇಳಬಾರದೆಂದೇ ನಾವು 1776ರಲ್ಲಿ ಸ್ವತಂತ್ರರಾದದ್ದು ಎಂಬ ಧಾಟಿಯಲ್ಲಿ ಕೆಲವರು ನೆನಪಿಸಿದರೆ, ಇಂಗ್ಲಿಷರ ಹಲ್ಲಿನ ಬಣ್ಣದ ಮೇಲೆ ಹರಿಹಾಯ್ದವರೂ ಉಂಟು. ಪತ್ರಿಕೆ ಅವನ್ನೂ ಅಚ್ಚುಹಾಕಿ, ಬಳಿಕ ಯೋಜನೆಯನ್ನು ನಿಲ್ಲಿಸಿತು. ಫಲಿತಾಂಶ ಬಂದಾಗ ಕ್ಲಾರ್ಕ್ ಕೌಂಟಿಯಲ್ಲಿ ಬುಷ್ ಸುಮಾರು 1,600 ಮತಗಳಿಂದ ಮುಂದಿದ್ದರು. ಓಹಿಯೊದಲ್ಲಿ ನಾಲ್ಕು ವರ್ಷಗಳ ಹಿಂದೆ ಗೋರ್ ಗೆದ್ದಿದ್ದ ಕೌಂಟಿಗಳ ಪೈಕಿ ಕೈತಪ್ಪಿದ್ದು ಇದೊಂದೇ.

ಪತ್ರಗಳಿಂದಲೇ ಹೀಗಾಯಿತೆಂದು ಸಾಧಿಸುವುದು ಸಾಧ್ಯವಿಲ್ಲ. ಆದರೆ ಬರೆದವರು ಬಯಸಿದ ಪರಿಣಾಮವಂತೂ ಆಗಲಿಲ್ಲ. ಆ ಪತ್ರಲೇಖಕರನ್ನು ಹಾಸ್ಯಮಾಡಲು ನನಗೆ ಮನಸ್ಸಿಲ್ಲ. ಬಾಗ್ದಾದಿನಲ್ಲಿ ಮನೆ ಕಳೆದುಕೊಂಡವನಿಗೂ ಆ ಚುನಾವಣೆಯಲ್ಲಿ ಮತವಿರಲಿಲ್ಲ. ವೀಸಾದ ಮೇಲೆ ಅಲ್ಲಿ ದುಡಿದು, ತೆರಿಗೆ ಕಟ್ಟಿ, ಮಕ್ಕಳನ್ನು ಅಲ್ಲಿಯ ಶಾಲೆಗೆ ಕಳುಹಿಸುತ್ತಿರುವ ನನ್ನ ಶಿಷ್ಯರಿಗೂ ಇಲ್ಲ. ಅಳಲು ನಿಜವಾದದ್ದೇ. ಆದರೆ ಅಪರಿಚಿತನ ಮನೆಯ ಅಂಚೆಪೆಟ್ಟಿಗೆಗೆ ಬೀಳುವ ಉಪದೇಶ, ಎಷ್ಟೇ ವಿನಯದಿಂದ ಬರೆದಿರಲಿ, ನಿನಗೆ ತಿಳಿಯದು ಎಂದು ಹೇಳಿದಂತೆಯೇ ಕೇಳಿಸುತ್ತದೆ. ಅದನ್ನು ಲೆ ಕಾರೆಯಂಥ ಮನುಷ್ಯಸ್ವಭಾವ ಬಲ್ಲ ಕಾದಂಬರಿಕಾರರೂ ಊಹಿಸಲಿಲ್ಲವಲ್ಲ ಎಂಬುದು ನನಗೆ ಆಶ್ಚರ್ಯ.

ಚರಿತ್ರೆ ಬಲ್ಲ ಫ್ರೇಜರ್ ಅವರಿಗಾದರೂ 1888 ನೆನಪಾಗಬೇಕಿತ್ತು. ಆಗ ಬ್ರಿಟನ್ನಿನ ರಾಜದೂತರಾಗಿ ವಾಷಿಂಗ್ಟನ್ನಿನಲ್ಲಿದ್ದವರು ಲಯೊನೆಲ್ ಸ್ಯಾಕ್‌ವಿಲ್-ವೆಸ್ಟ್. ಮರ್ಚಿಸನ್ ಎಂಬ ಸುಳ್ಳು ಹೆಸರಿನಲ್ಲಿ ಕ್ಯಾಲಿಫೋರ್ನಿಯಾದ ಒಬ್ಬನು, ತಾನು ಇಂಗ್ಲೆಂಡಿನಲ್ಲಿ ಹುಟ್ಟಿದವನೆಂದೂ ಯಾರಿಗೆ ಮತ ಕೊಡಲಿ ಎಂದೂ ಅವರನ್ನು ಕೇಳಿದನು. ರಾಜದೂತರು ಅಧ್ಯಕ್ಷ ಕ್ಲೀವ್‌ಲೆಂಡ್ ಅವರ ಪರವಾಗಿ ಉತ್ತರ ಬರೆದೇಬಿಟ್ಟರು! ಎದುರುಪಕ್ಷ ಅದನ್ನು ಚುನಾವಣೆಗೆ ಕೆಲವೇ ದಿನಗಳ ಮುನ್ನ ಪತ್ರಿಕೆಗಳಲ್ಲಿ ಬಯಲುಮಾಡಿತು. ಇಂಗ್ಲೆಂಡಿನ ಮೇಲೆ ಹಗೆಯಿದ್ದ ಐರಿಷ್ ಮೂಲದವರು ನ್ಯೂಯಾರ್ಕಿನಲ್ಲಿ ಬಹಳ. ದೇಶದಲ್ಲೆಲ್ಲ ಕೂಡಿ ಹೆಚ್ಚು ಮತ ಪಡೆದರೂ ಕ್ಲೀವ್‌ಲೆಂಡ್ ಆ ರಾಜ್ಯವನ್ನೂ ಅದರೊಡನೆ ಅಧಿಕಾರವನ್ನೂ ಕಳೆದುಕೊಂಡರು. ರಾಜದೂತರಿಗೆ ಮರಳಿ ಹೋಗುವಂತೆ ಅದಕ್ಕೂ ಮೊದಲೇ ಸೂಚಿಸಿಬಿಟ್ಟಿದ್ದರು.

ನಮ್ಮ ದೇಶದಲ್ಲಿಯೂ ಇಂಥದು ನಡೆದಿದೆ. 2019ರ ಏಪ್ರಿಲ್ ತಿಂಗಳಲ್ಲಿ ಬಾಂಗ್ಲಾದೇಶದ ಜನಪ್ರಿಯ ಚಿತ್ರನಟ ಫಿರ್ದೌಸ್ ಅಹಮದ್ ಪಶ್ಚಿಮ ಬಂಗಾಳದ ರಾಯ್‌ಗಂಜ್ ಕ್ಷೇತ್ರದಲ್ಲಿ ತೃಣಮೂಲ ಕಾಂಗ್ರೆಸ್ ಅಭ್ಯರ್ಥಿಯ ಪರ ಮೆರವಣಿಗೆಯಲ್ಲಿ ಕಾಣಿಸಿಕೊಂಡರು. ಗಡಿ ದಾಟಿದರೂ ಭಾಷೆ ಒಂದೇ, ಅವರ ಚಿತ್ರಗಳನ್ನು ನೋಡುವವರೂ ಎರಡೂ ಕಡೆ ಇದ್ದರು. ಆ ನಟರಿಗೆ ತಾವು ಹೊರಗಿನವರು ಎನಿಸಿಯೇ ಇರಲಾರದು. ಆದರೆ ಬಿಜೆಪಿ ದೂರಿತು. ಕೇಂದ್ರ ಗೃಹ ಸಚಿವಾಲಯ ವೀಸಾ ರದ್ದುಮಾಡಿ, ದೇಶ ಬಿಟ್ಟು ಹೋಗುವಂತೆ ಆಜ್ಞಾಪಿಸಿತು. ರಾಯ್‌ಗಂಜಿನಲ್ಲಿ ಗೆದ್ದದ್ದು ಬಿಜೆಪಿಯೇ. ಫಿರ್ದೌಸ್ ಮುಂದೆ 2024ರ ಜನವರಿಯಲ್ಲಿ ತಮ್ಮದೇ ದೇಶದ ಚುನಾವಣೆಗೆ ನಿಂತು, ಢಾಕಾದಿಂದ ಸಂಸತ್ತಿಗೆ ಆರಿಸಿಬಂದರು. ಆ ಸಂಸತ್ತು ಅದೇ ಆಗಸ್ಟಿನಲ್ಲಿ ವಿಸರ್ಜನೆಯಾಯಿತು.