ಆ್ಯಪ್ ಕೋರ್ಸಾ, ಚಿಕಿತ್ಸೆಯ ಕೋರ್ಸಾ?

ಡಿಜಿಟಲ್ ಥೆರಪ್ಯೂಟಿಕ್ಸ್ ಅಂದರೆ ಹೆಜ್ಜೆ ಎಣಿಸುವ ಆ್ಯಪ್ ಅಲ್ಲ. ಕಾಯಿಲೆಗೆ ಚಿಕಿತ್ಸೆ ಅಂತ ಪರೀಕ್ಷಿಸಿ ನೋಡಿದ ಸಾಫ್ಟ್‌ವೇರ್. ಇದನ್ನು ಕಲಿಸುವ ಕೋರ್ಸ್‌ಗಳು ಈಗ ವಿಶ್ವವಿದ್ಯಾಲಯಗಳಲ್ಲೂ ಇವೆ. ಸಿಲಬಸ್ ಸಿಕ್ಕರೆ ನಾನು ಮೊದಲು ಹುಡುಕೋದು ಮೂರು ಪಾಠ: ಕ್ಲಿನಿಕಲ್ ಟ್ರಯಲ್ ಓದೋದು ಹೇಗೆ, ದುಡ್ಡು ಯಾರು ಕೊಡ್ತಾರೆ, ರೋಗಿಯ ಡೇಟಾ ಯಾರ ಕೈಲಿರುತ್ತೆ.

ಯಾಕೆ ಅಂತೀರಾ? ವ್ಯಸನ ಚಿಕಿತ್ಸೆಗೆ ವೈದ್ಯರು ಬರೆದುಕೊಡುವ ‘ರೀಸೆಟ್’ ಆ್ಯಪ್‌ಗೆ ಅಮೆರಿಕದ ಎಫ್‌ಡಿಎ 2017ರಲ್ಲೇ ಅನುಮತಿ ಕೊಟ್ಟಿತ್ತು. ಆದರೂ ವಿಮೆಯ ಹಣ ಸಾಕಷ್ಟು ಬರದೆ, ಅದನ್ನು ರೂಪಿಸಿದ ಪಿಯರ್ ಥೆರಪ್ಯೂಟಿಕ್ಸ್ 2023ರಲ್ಲಿ ದಿವಾಳಿಯಾಯಿತು. ಜರ್ಮನಿಯಲ್ಲಿ ಹಾಗಲ್ಲ: 2019ರ ಕಾನೂನಿನ ಪ್ರಕಾರ, ಸರ್ಕಾರಿ ಪಟ್ಟಿಯಲ್ಲಿರುವ ಆ್ಯಪ್‌ಗಳ ಖರ್ಚನ್ನು ಸಾರ್ವಜನಿಕ ಆರೋಗ್ಯ ವಿಮೆಯೇ ಭರಿಸುತ್ತದೆ.

ತಂತ್ರಜ್ಞಾನ ಎರಡೂ ಕಡೆ ಇತ್ತು. ವ್ಯತ್ಯಾಸ ರಾಜಕೀಯ ನಿರ್ಧಾರದ್ದು. ಅದನ್ನು ಬಿಟ್ಟು ಬರೀ ಕೋಡಿಂಗ್ ಕಲಿಸಿದರೆ, ಅದು ಆ್ಯಪ್ ಕೋರ್ಸ್ ಅಷ್ಟೇ.