ಮನೆಗೊಂದು ಅಕ್ಷರ: ಛಂದಸ್ಸು, ಅಲಂಕಾರಗಳ ಪಾಠದಲ್ಲಿ ಪದಬಂಧ

ಛಂದಸ್ಸು, ಅಲಂಕಾರಗಳ ಪಾಠ ಮುಗಿಸಿ ಮಕ್ಕಳ ಕೈಗೆ ಪದಬಂಧವೊಂದನ್ನು ಕೊಡುವ ಕನ್ನಡ ಅಧ್ಯಾಪಕರಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಇಂಥ ಪದಬಂಧಗಳು ಸಾಮಾನ್ಯವಾಗಿ ಲಕ್ಷಣ ಕೊಟ್ಟು ಹೆಸರು ಕೇಳುವುದರಲ್ಲೇ ನಿಂತುಬಿಡುತ್ತವೆ: ‘ಒಂದು ಬಗೆಯ ಷಟ್ಪದಿ (3)’, ‘ಒಂದು ಅರ್ಥಾಲಂಕಾರ (3)’. ಬಾಯಿಪಾಠ ಮಾಡಿದ್ದನ್ನು ಚೌಕದಲ್ಲಿ ಬರೆಸಿದಂತಾಯಿತು, ಅಷ್ಟೆ; ಪದ್ಯವನ್ನು ಮುಟ್ಟಿದಂತಾಗಲಿಲ್ಲ. ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ಛಂದಸ್ಸಿನ ಲೆಕ್ಕ ಶುರುವಾಗುವುದೂ ಅಕ್ಷರದಿಂದಲೇ. ಈ ಎರಡು ಲೆಕ್ಕಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಹಿಡಿದು ಕಟ್ಟಿದರೆ ಪದಬಂಧ ಪದ್ಯವನ್ನೇ ಕಲಿಸಬಲ್ಲದು ಎಂಬುದು ಈ ಟಿಪ್ಪಣಿಯ ವಾದ.

ಲಿವರ್‌ಪೂಲಿನಲ್ಲಿ ಹುಟ್ಟಿದ ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ವಜ್ರಾಕೃತಿಯ ಒಗಟೇ ಇಂದಿನ ಪದಬಂಧದ ಮೂಲ. ಅಲ್ಲಿ ಮನೆಗೆ ಬೀಳುವುದು ಬಿಡಿ ಇಂಗ್ಲಿಷ್ ಅಕ್ಷರ, ಒಟ್ಟು ಇಪ್ಪತ್ತಾರೇ. ಕನ್ನಡದ ಮನೆಯೊಳಗೆ ಸ್ವರ, ಗುಣಿತ, ಒತ್ತು, ಅನುಸ್ವಾರ ಎಲ್ಲ ಸೇರಿದ ಇಡೀ ಅಕ್ಷರ ಕೂರುತ್ತದೆ. ಹಾಗಾಗಿ ‘ಕ’ ಇದ್ದಲ್ಲಿ ‘ಕಂ’ ಕೂಡದು, ‘ಮ’ ಇದ್ದಲ್ಲಿ ‘ಮಾ’ ಕೂಡದು. ಅಡ್ಡಸಾಲು ಕೆಳಸಾಲನ್ನು ಸಂಧಿಸುವ ಅವಕಾಶ ಇಲ್ಲಿ ಕಡಿಮೆ, ಕಪ್ಪು ಮನೆಗಳು ಹೆಚ್ಚು. ಕಟ್ಟುವವನಿಗೆ ಇದು ತೊಡಕು. ಪಾಠ ಮಾಡುವವನಿಗೆ ಮಾತ್ರ ಇದರಿಂದ ಲಾಭವೇ, ಯಾಕೆಂದರೆ ಸಿಕ್ಕ ಒಂದೊಂದು ಸಂಧಿಸ್ಥಾನವೂ ಹ್ರಸ್ವ-ದೀರ್ಘ, ಒತ್ತು-ಬಿಂದುಗಳ ಸಮೇತ ಸರಿಯಿರಬೇಕು. ಮನೆಗೊಂದು ಅಕ್ಷರ ಇಟ್ಟು ಆಡುವುದು ನಮ್ಮ ಕಾವ್ಯಪರಂಪರೆಗೂ ಹೊಸದಲ್ಲ. ಭಾರವಿಯ ಕಿರಾತಾರ್ಜುನೀಯದ 15ನೆಯ ಸರ್ಗ, ಮಾಘನ ಶಿಶುಪಾಲವಧದ 19ನೆಯ ಸರ್ಗಗಳಲ್ಲಿ ಬರುವ ಸರ್ವತೋಭದ್ರವೆಂಬ ಚಿತ್ರಬಂಧವನ್ನು ಬಿಡಿಸಿ ಬರೆಯುವುದು ಅಕ್ಷರಕ್ಕೊಂದು ಮನೆ ಕೊಟ್ಟೇ.

‘ಷಟ್ಪದಿ’ ಎಂಬ ಪದವನ್ನೇ ಮನೆಗಳಿಗೆ ಹಂಚಿ ನೋಡೋಣ: ಷ, ಟ್ಪ, ದಿ. ಮೂರು ಮನೆ. ಪ್ರಸ್ತಾರ ಹಾಕಿದರೆ ಗುರು, ಲಘು, ಲಘು; ನಾಲ್ಕು ಮಾತ್ರೆ. ಒತ್ತಕ್ಷರ ಎರಡನೆಯ ಮನೆಯಲ್ಲಿದೆ, ಭಾರ ಬಿದ್ದಿರುವುದು ಮೊದಲನೆಯ ಮನೆಯ ಮೇಲೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ಸೂತ್ರವನ್ನು ವಿದ್ಯಾರ್ಥಿಗಳು ಒಪ್ಪಿಸುತ್ತಾರೆ. ಪದ್ಯ ಕೊಟ್ಟರೆ ಒತ್ತಕ್ಷರದ ನೆತ್ತಿಗೇ ಗುರುವಿನ ಗೆರೆ ಎಳೆಯುತ್ತಾರೆ. ತರಗತಿಯಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಇದು. ಮನೆಗಳಲ್ಲಿ ಬಿಡಿಬಿಡಿಯಾಗಿ ಬರೆದಾಗ ಭಾರ ಯಾವ ಮನೆಯಿಂದ ಯಾವ ಮನೆಗೆ ಹೋಯಿತು ಎಂಬುದು ಕಣ್ಣಿಗೇ ಕಾಣುತ್ತದೆ. ‘ಅರ್ಥಾಂತರನ್ಯಾಸ’ಕ್ಕೆ ಆರು ಮನೆ: ಅ, ರ್ಥಾಂ, ತ, ರ, ನ್ಯಾ, ಸ. ಇಲ್ಲಿ ‘ತ’, ‘ರ’ ನೋಡಲು ಒಂದೇ ತೂಕದವು. ಆದರೆ ‘ನ್ಯಾ’ ಎದುರಿಗಿರುವುದರಿಂದ ‘ರ’ ಗುರು, ‘ತ’ ಲಘು. ಪದಬಂಧ ತುಂಬಿಸಿದ ಮೇಲೆ ಪ್ರತಿ ಉತ್ತರದ ಮಾತ್ರೆ ಬರೆಯಿರಿ ಎಂದು ಇನ್ನೊಂದು ಕೆಲಸ ಸೇರಿಸಿದರೆ ಪಾರಿಭಾಷಿಕ ಪದಗಳೇ ಛಂದಸ್ಸಿನ ಅಭ್ಯಾಸಕ್ಕೆ ಸಾಮಗ್ರಿಯಾಗುತ್ತವೆ. ‘ಸುಕೃತ’, ‘ವಿಕ್ರಮ’ ಎರಡಕ್ಕೂ ಮೂರು ಮನೆ. ಮಾತ್ರೆ ಮಾತ್ರ ಮೊದಲನೆಯದಕ್ಕೆ ಮೂರು, ಎರಡನೆಯದಕ್ಕೆ ನಾಲ್ಕು. ‘ಕೃ’ ಒತ್ತಕ್ಷರವಲ್ಲ, ‘ಕ್ರ’ ಒತ್ತಕ್ಷರ. ಬರವಣಿಗೆಯಲ್ಲಿ ಇವೆರಡನ್ನು ಕಲಸುವ ಹುಡುಗ ಪ್ರಸ್ತಾರದಲ್ಲೂ ಕಲಸುತ್ತಾನೆ, ಆದ್ದರಿಂದ ಎರಡನ್ನೂ ಒಟ್ಟಿಗೇ ತಿದ್ದಬೇಕು. ‘ಸಾನೆಟ್’ನಂಥ ವ್ಯಂಜನಾಂತ ಪದಗಳಲ್ಲಿ ‘ಟ್’ಗೂ ಒಂದು ಮನೆ ಕೊಡುವ ರೂಢಿಯಿದೆ, ಛಂದಸ್ಸಿಗೆ ಅದು ‘ನೆ’ಯೊಡನೆ ಸೇರಿ ಒಂದು ಗುರು. ಮನೆ ಮೂರು, ಅಕ್ಷರ ಎರಡೇ.

ಇನ್ನು ಸುಳಿವಿನ ವಿಷಯ. ಷಟ್ಪದಿಗಳು ಆರು. ಶರ, ಭೋಗ ಎರಡೆರಡು ಮನೆ, ಕುಸುಮ, ಭಾಮಿನಿ, ವಾರ್ಧಕ ಮೂರು ಮೂರು, ಪರಿವರ್ಧಿನಿ ಐದು. ‘ಒಂದು ಬಗೆಯ ಷಟ್ಪದಿ (3)’ ಎಂದರೆ ಮೂರು ಉತ್ತರ ಸಲ್ಲುತ್ತವೆ. ‘ಗದುಗಿನ ಭಾರತದ ಷಟ್ಪದಿ’ ಎಂದರೆ ಉತ್ತರವೇನೋ ಒಂದೇ, ಆದರೆ ಅದು ಸಾಹಿತ್ಯ ಚರಿತ್ರೆಯ ಪ್ರಶ್ನೆಯಾಯಿತು. ಅದರ ಬದಲು ಅಧ್ಯಾಪಕರು ತಾವೇ ಒಂದು ಸಾಲು ಕಟ್ಟಬಹುದು: ‘ಮಳೆಯು ಬಂದಿತು ಕೆರೆಯು ತುಂಬಿತು — ಮೊದಲ ಸಾಲು ಹೀಗೆ ನಡೆದರೆ ಯಾವ ಷಟ್ಪದಿ? (3)’. ಕಾವ್ಯಗುಣ ಇಲ್ಲದಿದ್ದರೂ ಚಿಂತೆಯಿಲ್ಲ. ಮೂರು, ನಾಲ್ಕು, ಮೂರು, ನಾಲ್ಕು ಎಂದು ಗಣ ಒಡೆದು 14 ಮಾತ್ರೆ ಎಣಿಸಿದವರಿಗೇ ‘ಭಾಮಿನಿ’ ಸಿಗುತ್ತದೆ. ‘ಮೊದಲ ಸಾಲು’ ಎಂದು ಹೇಳುವುದು ಕಡ್ಡಾಯ. ಶರ ಷಟ್ಪದಿಯ ಮೂರನೆಯ ಸಾಲೂ ಹನ್ನೆರಡಕ್ಕೆ ಒಂದು ಗುರು ಸೇರಿ 14 ಮಾತ್ರೆಯೇ ಆಗುತ್ತದೆ. ಸುಳಿವು ಬರೆಯುವವರು ಇಷ್ಟು ಸೂಕ್ಷ್ಮವಾಗಿರಲೇಬೇಕು.

ಸುಳಿವಿನಷ್ಟೇ ಮುಖ್ಯವಾದದ್ದು ಸಂಧಿಸ್ಥಾನ. ಇದರ ಬಗ್ಗೆ ಯೋಚಿಸಿದವರು ಕಡಿಮೆ ಎಂದೇ ನನ್ನ ಅನಿಸಿಕೆ. ಉಪಮಾನ, ಉಪಮೇಯ ಎರಡಕ್ಕೂ ನಾಲ್ಕು ಮನೆ, ಮೊದಲೆರಡು ಅಕ್ಷರಗಳು ಒಂದೇ. ವಿದ್ಯಾರ್ಥಿಗಳು ಅದಲುಬದಲು ಮಾಡುವ ಜೋಡಿಯೂ ಇದೇ. ‘ಹುಣಸೆಯ ತೊಗಟೆಯಂತೆ ಅಜ್ಜನ ಅಂಗೈ ಒರಟು — ಇಲ್ಲಿ ಅಂಗೈ ಏನು? (4)’ ಎಂಬ ಸುಳಿವು ಕೊಟ್ಟು ‘ಉ’ ಅಥವಾ ‘ಪ’ದ ಮೇಲೆ ಇನ್ನೊಂದು ಪದವನ್ನು ದಾಟಿಸಿದರೆ ತಪ್ಪು ಉತ್ತರವೂ ನಿಶ್ಚಿಂತೆಯಿಂದ ಕೂರುತ್ತದೆ. ನಾಲ್ಕನೆಯ ಮನೆಯಿಂದ ಕೆಳಕ್ಕೆ ಮೂರಕ್ಷರದ ಗಣವೊಂದನ್ನು ಇಳಿಸಬೇಕು. ಮೇಲೆ ಉಪಮೇಯ ಇದ್ದರೆ ಕೆಳಕ್ಕೆ ಯಗಣ, ಉಪಮಾನ ಇದ್ದರೆ ನಗಣ. ಕೆಳಸಾಲಿನ ಸುಳಿವು: ‘ಯಶೋದಾ ಎಂಬ ಪದದ ಗಣ (3)’. ಲಘು, ಗುರು, ಗುರು, ಯಗಣ. ಮೇಲೆ ಉಪಮಾನ ಎಂದು ಬರೆದವರಿಗೆ ‘ನ’ ಮತ್ತು ‘ಯ’ ಎದುರುಬದುರಾಗಿ ನಿಂತು ಅಂಗೈ ಹೋಲಿಸಲ್ಪಟ್ಟದ್ದೋ ಹೋಲಿಸಲು ತಂದದ್ದೋ ಎಂದು ವಾಕ್ಯಕ್ಕೇ ಹಿಂದಿರುಗಬೇಕಾಗುತ್ತದೆ. ಅಲಂಕಾರದ ತಿಳಿವನ್ನು ಗಣದ ತಿಳಿವು ಪರೀಕ್ಷಿಸುತ್ತದೆ, ಗಣದ ತಿಳಿವನ್ನು ಅಲಂಕಾರ. ಪೂರ್ಣೋಪಮೆ, ಲುಪ್ತೋಪಮೆಗಳಲ್ಲಿ ಇದು ತಿರುಗುಮುರುಗು: ಕೊನೆಯ ಎರಡು ಮನೆ ಸಮಾನ, ಆದ್ದರಿಂದ ದಾಟುವ ಪದ ಮೊದಲ ಎರಡು ಮನೆಗಳಲ್ಲೇ ಬರಬೇಕು. ಗಣಗಳ ಹೆಸರಿನಲ್ಲಂತೂ ಮೊದಲ ಮನೆ ಬಿಟ್ಟರೆ ಎಂಟೂ ಒಂದೇ.

ಹೀಗೆ ಸ್ವಂತ ಪ್ರಯತ್ನದಿಂದ ಪದ ಹೊರತೆಗೆಯುವುದಕ್ಕೆ ನೆನಪಿನ ಮೇಲೆ ಏನು ಪರಿಣಾಮ? ಓದಿದ ಪದಕ್ಕಿಂತ ಸುಳಿವಿನಿಂದ ತಾನೇ ಹುಟ್ಟಿಸಿಕೊಂಡ ಪದ ಚೆನ್ನಾಗಿ ನೆನಪಿರುತ್ತದೆ ಎಂದು ಸ್ಲಮೆಕಾ ಮತ್ತು ಗ್ರಾಫ್ 1978ರಲ್ಲಿ ತೋರಿಸಿದರು. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಐದು ನಿಮಿಷದ ನಂತರ ಮತ್ತೆ ಓದಿದವರು ಮುಂದಿದ್ದರು; ಒಂದು ವಾರದ ನಂತರ, ಓದಿದ್ದನ್ನು ನೆನೆದು ಬರೆದಿದ್ದವರು ಮುಂದಿದ್ದರು. ಇವು ಪದಬಂಧದ ಮೇಲಿನ ಪ್ರಯೋಗಗಳಲ್ಲ, ಕನ್ನಡದವೂ ಅಲ್ಲ. ಪಾಠ ಮುಗಿದ ದಿನವೇ ಪದಬಂಧ ಕೊಡುವುದಕ್ಕಿಂತ ವಾರ ಬಿಟ್ಟು, ಪುಸ್ತಕ ಮುಚ್ಚಿಸಿ ಕೊಡುವುದು ಮೇಲು ಎಂಬಷ್ಟನ್ನು ಮಾತ್ರ ಇವುಗಳಿಂದ ಧೈರ್ಯವಾಗಿ ಪಡೆಯಬಹುದು.

ವೃತ್ತಗಳ ಪಾಠಕ್ಕೆ ಮನೆಯ ಲೆಕ್ಕವನ್ನೇ ಬದಲಿಸಿ ನೋಡಬೇಕು. ಅಕ್ಷರಕ್ಕೊಂದು ಮನೆ ಬಿಟ್ಟು ಮಾತ್ರೆಗೊಂದು ಮನೆ: ಲಘುವಿಗೆ ಒಂದು, ಗುರುವಿಗೆ ಎರಡು. ಉತ್ಪಲಮಾಲೆಯ ಸಾಲಿನಲ್ಲಿ 20 ಅಕ್ಷರ, ಚಂಪಕಮಾಲೆಯಲ್ಲಿ 21. ಮೊದಲನೆಯದರಲ್ಲಿ ಎಂಟು ಗುರು, ಹನ್ನೆರಡು ಲಘು. ಎರಡನೆಯದರಲ್ಲಿ ಏಳು ಗುರು, ಹದಿನಾಲ್ಕು ಲಘು. ಎರಡೂ 28 ಮನೆಯ ಪಟ್ಟಿಗಳಾಗುತ್ತವೆ. ಒಂದರ ಕೆಳಗೊಂದು ಇಟ್ಟರೆ ಮೂರನೆಯ ಮನೆಯಿಂದ ಕೊನೆಯವರೆಗೆ ಕಿಂಚಿತ್ತೂ ವ್ಯತ್ಯಾಸವಿಲ್ಲ. ಉತ್ಪಲಮಾಲೆಯ ಮೊದಲ ಗುರುವಿನ ಜಾಗದಲ್ಲಿ ಚಂಪಕಮಾಲೆಗೆ ಎರಡು ಲಘು, ಅಷ್ಟೆ. ಶಾರ್ದೂಲವಿಕ್ರೀಡಿತದಿಂದ ಮತ್ತೇಭವಿಕ್ರೀಡಿತ, ಸ್ರಗ್ಧರೆಯಿಂದ ಮಹಾಸ್ರಗ್ಧರೆ ಹುಟ್ಟುವುದೂ ಹೀಗೆಯೇ. ಆರು ಖ್ಯಾತ ವೃತ್ತಗಳು ಮೂರು ಜೋಡಿಗಳೆಂದು ತಿಳಿದ ವಿದ್ಯಾರ್ಥಿಗೆ ಲಕ್ಷಣಪದ್ಯಗಳ ಹೊರೆ ಅರ್ಧ ಇಳಿಯುತ್ತದೆ. ಉತ್ಪಲಮಾಲೆ ಎಂಬ ಹೆಸರನ್ನೇ ಪ್ರಸ್ತಾರ ಹಾಕಿದರೆ ಆ ವೃತ್ತದ ಮೊದಲ ಐದು ಅಕ್ಷರಗಳ ನಡೆ ಸಿಗುತ್ತದೆ ಎಂಬುದನ್ನು ಮಕ್ಕಳೇ ಕಂಡುಹಿಡಿಯುವಂತೆ ಬಿಡುವುದು ಒಳ್ಳೆಯದು.

ಎಲ್ಲ ಪದ್ಯವೂ ಮನೆಗೆ ಒಗ್ಗುವುದಿಲ್ಲ. ಒತ್ತಕ್ಷರದ ಹಿಂದಿನದು ಲಘುವಾಗಿಯೇ ಉಳಿಯುವ ಶಿಥಿಲದ್ವಿತ್ವದ ಹಳಗನ್ನಡ ಪದಗಳನ್ನು ಮೊದಲ ಅಭ್ಯಾಸಗಳಲ್ಲಿ ತರಬಾರದು. ತ್ರಿಪದಿ, ಸಾಂಗತ್ಯಗಳ ಕಷ್ಟ ಇನ್ನೂ ದೊಡ್ಡದು. ಅಲ್ಲಿರುವುದು ಅಂಶಗಣ, ಬ್ರಹ್ಮಗಣಕ್ಕೆ 4, ವಿಷ್ಣುಗಣಕ್ಕೆ 8, ರುದ್ರಗಣಕ್ಕೆ 16 ರೂಪಗಳು. ಒಂದೇ ಗಣ ಒಂದು ಸಾಲಿನಲ್ಲಿ ಹಿಗ್ಗಿ, ಇನ್ನೊಂದರಲ್ಲಿ ಕುಗ್ಗಿ ಬರುವಾಗ ಮಾತ್ರೆಗೊಂದು ಮನೆ ಎಂಬ ಲೆಕ್ಕ ಮುರಿದುಬೀಳುತ್ತದೆ. ತ್ರಿಪದಿಗೆ ಹೆಚ್ಚೆಂದರೆ ನಾಲ್ಕು, ನಾಲ್ಕು, ಮೂರು ಎಂದು ಹನ್ನೊಂದು ಗಣಗಳಿಗೆ ಹನ್ನೊಂದು ಮನೆ ಎಳೆದು, ಬ್ರಹ್ಮಗಣ ಬರುವ ಆರನೆಯ ಮತ್ತು ಹತ್ತನೆಯ ಮನೆಗಳಿಗೆ ಬಣ್ಣ ತುಂಬಿಸಬಹುದು. ಆ ಹಾಳೆಯನ್ನು ಎದುರಿಗಿಟ್ಟುಕೊಂಡು ತ್ರಿಪದಿಯನ್ನು ತರಗತಿಯಲ್ಲಿ ಹಾಡಿಸಬೇಕು.